ಅಸಿಂಕ್‌ಐಓ ಸರ್ವರ್: ಬಸ್ಸುಗಳು 420, ತೆರೆದ ಸಂಪರ್ಕಗಳು ಸಾವಿರಕ್ಕೂ ಹೆಚ್ಚು. ಇವನ್ನು ಮುಚ್ಚುವುದು ಹೇಗೆ?

ಘಟ್ಟದಹಾದಿ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಸಕಲೇಶಪುರ ಮತ್ತು ಶಿರಾಡಿ ಘಾಟಿಯ ಮೂಲಕ ಮಂಗಳೂರಿನ ಕಡೆಗೆ ಓಡುವ ಖಾಸಗಿ ಬಸ್ಸುಗಳಲ್ಲಿ ಅಳವಡಿಸಿರುವ ಜಿಪಿಎಸ್ ಉಪಕರಣಗಳಿಂದ ಮಾಹಿತಿ ಪಡೆಯುವ ಸರ್ವರೊಂದರ ಹೊಣೆ ನನ್ನ ಮೇಲಿದೆ. ಬಸ್ಸುಗಳು ಅರವತ್ತು ಇದ್ದಾಗ ಯಾವ ತೊಂದರೆಯೂ ಕಾಣಿಸಿರಲಿಲ್ಲ. ಈಗ ಅವು 420 ಆಗಿದ್ದು, ಆರು ದಿನಗಳಿಗೊಮ್ಮೆ ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡದೆ ಬೇರೆ ದಾರಿಯಿಲ್ಲ ಎನ್ನುವ ಸ್ಥಿತಿ ಬಂದಿದೆ.

ವ್ಯವಸ್ಥೆ ಹೀಗಿದೆ. ಪ್ರತಿಯೊಂದು ಉಪಕರಣವೂ ಸರ್ವರಿನೊಂದಿಗೆ ಒಂದು ಟಿಸಿಪಿ ಸಂಪರ್ಕವನ್ನು ತೆರೆದು ಅದನ್ನೇ ಉಳಿಸಿಕೊಳ್ಳುತ್ತದೆ. ಬಸ್ಸು ಓಡುತ್ತಿರುವಾಗ 30 ಸೆಕೆಂಡಿಗೊಮ್ಮೆ ತಾನಿರುವ ಸ್ಥಳವನ್ನೂ, ಎಂಜಿನ್ ನಿಂತಿರುವಾಗ 5 ನಿಮಿಷಕ್ಕೊಮ್ಮೆ ತಾನು ಬದುಕಿದ್ದೇನೆಂಬ ಚಿಕ್ಕ ಸಂದೇಶವನ್ನೂ ಕಳುಹಿಸುತ್ತದೆ. ಪ್ರತಿ ಸಂದೇಶದ ಮೊದಲ ಎರಡು ಬೈಟುಗಳು ಅದರ ಉದ್ದವನ್ನು ಹೇಳುತ್ತವೆ, ಉಳಿದದ್ದು ಒಡಲು. ಸಂಪರ್ಕ ಶುರುವಾದಾಗ ಬರುವ ಮೊದಲ ಸಂದೇಶದಲ್ಲಿ ಉಪಕರಣವನ್ನು ಗುರುತಿಸುವ ಐಎಂಇಐ ಸಂಖ್ಯೆ ಇರುತ್ತದೆ. ಪ್ರತಿ ಸಂದೇಶಕ್ಕೂ ಸರ್ವರು ನಾಲ್ಕು ಬೈಟುಗಳ ಸ್ವೀಕೃತಿಯನ್ನು ಹಿಂದಿರುಗಿಸಬೇಕು.

ಸರ್ವರನ್ನು ಪೈಥಾನ್ 3.11ರಲ್ಲಿ, ಹಲವು ಸಂಪರ್ಕಗಳನ್ನು ಒಟ್ಟಿಗೆ ನಿಭಾಯಿಸುವ ಅಸಿಂಕ್‌ಐಓ ಲೈಬ್ರರಿಯ ಸ್ಟಾರ್ಟ್ ಸರ್ವರ್ ಕರೆಯನ್ನು ಬಳಸಿ ಬರೆದಿದ್ದೇನೆ. ಒಂದೊಂದು ಸಂಪರ್ಕಕ್ಕೂ ಒಂದೊಂದು ಕೊರೂಟೀನ್ (ತಾನು ಕಾಯುವಾಗ ಉಳಿದವಕ್ಕೆ ಸರದಿ ಬಿಟ್ಟುಕೊಡುವ ಕಾರ್ಯ) ಓಡುತ್ತದೆ. ಅದು ರೀಡ್‌ಎಕ್ಸಾಕ್ಟ್ಲಿ ಮೂಲಕ ಎರಡು ಬೈಟು ಓದಿ, ಆಮೇಲೆ ಒಡಲನ್ನು ಓದಿ, ಡೇಟಾಬೇಸಿಗೆ ಬರೆದು, ಸ್ವೀಕೃತಿ ಕಳುಹಿಸಿ, ಮತ್ತೆ ಓದಲು ಕಾಯುತ್ತದೆ. ಯಾವ ಐಎಂಇಐಗೆ ಯಾವ ಸಂಪರ್ಕ ಎಂಬುದನ್ನು ಒಂದು ಡಿಕ್ಷನರಿಯಲ್ಲಿ ಇಟ್ಟಿದ್ದೇನೆ. ಕೊರೂಟೀನ್ ಹೇಗೇ ಮುಗಿದರೂ ಕೊನೆಗೆ ಓಡುವ ಫೈನಲಿ ಭಾಗದಲ್ಲಿ ಆ ಐಎಂಇಐಯನ್ನು ಡಿಕ್ಷನರಿಯಿಂದ ತೆಗೆದು ಸಂಪರ್ಕವನ್ನು ಮುಚ್ಚುತ್ತೇನೆ.

ತೊಂದರೆಗಳು ಮೂರು. ಮೊದಲನೆಯದು, ಸುಮಾರು ಆರನೆಯ ದಿನಕ್ಕೆ ಲಾಗಿನಲ್ಲಿ ತೆರೆದ ಫೈಲುಗಳು ಹೆಚ್ಚಾದವೆಂಬ 24ನೆಯ ಸಂಖ್ಯೆಯ ದೋಷ ಮತ್ತೆ ಮತ್ತೆ ಬರತೊಡಗುತ್ತದೆ, ಹೊಸ ಬಸ್ಸುಗಳು ಸೇರಲಾರವು. ಆ ಹೊತ್ತಿಗೆ ಸಂಪರ್ಕಗಳ ಪಟ್ಟಿ ತೋರಿಸುವ ಎಸ್‌ಎಸ್ ಆಜ್ಞೆಯಲ್ಲಿ ನೋಡಿದರೆ ಸಾವಿರಕ್ಕೂ ಹೆಚ್ಚು ಸಂಪರ್ಕಗಳು ಎಸ್ಟಾಬ್ಲಿಷ್ಡ್ (ತೆರೆದಿರುವ) ಸ್ಥಿತಿಯಲ್ಲೇ ಇರುತ್ತವೆ. ಎರಡನೆಯದು, ಘಾಟಿ ದಾಟಿ ಬಂದ ಕೆಲವು ಬಸ್ಸುಗಳು ಸ್ಥಳದ ಮಾಹಿತಿಯನ್ನು ಸರಿಯಾಗಿಯೇ ಕಳುಹಿಸುತ್ತಿದ್ದರೂ ಸುಮಾರು ಕಾಲು ಗಂಟೆಯ ನಂತರ ಡಿಕ್ಷನರಿಯಿಂದ ಕಾಣೆಯಾಗುತ್ತವೆ, ಅವುಗಳಿಗೆ ಆಜ್ಞೆ ಕಳುಹಿಸಲು ಹೋದರೆ ‘ಸಂಪರ್ಕದಲ್ಲಿಲ್ಲ’ ಎಂಬ ಉತ್ತರ ಬರುತ್ತದೆ. ಮೂರನೆಯದು, ಆಜ್ಞೆ ಬರೆದ ಮೇಲೆ, ಬರೆದದ್ದು ಹೊರಹೋಗಲು ಕಾಯಬೇಕಾದ ಡ್ರೇನ್ ಕರೆ ಯಾವ ತಕರಾರೂ ಇಲ್ಲದೆ ಮುಗಿದರೂ ಉಪಕರಣಕ್ಕೆ ಅದು ತಲುಪಿರುವುದಿಲ್ಲ.

ಫೈಲ್ ಡಿಸ್ಕ್ರಿಪ್ಟರಿನ ಮಿತಿ, ಅಂದರೆ ಸರ್ವರು ಏಕಕಾಲಕ್ಕೆ ತೆರೆದಿಡಬಹುದಾದ ಫೈಲು ಮತ್ತು ಸಂಪರ್ಕಗಳ ಸಂಖ್ಯೆ, ಈಗ 1024 ಇದೆ. ಅದನ್ನು 4096ಕ್ಕೆ ಏರಿಸಿದರೆ ಸಾಕೆಂದು ಕಚೇರಿಯಲ್ಲಿ ಹೇಳುತ್ತಿದ್ದಾರೆ. ನನಗೆ ಅದು ಪರಿಹಾರವೆಂದು ಅನ್ನಿಸುತ್ತಿಲ್ಲ, ಆದರೆ ಕಾರಣವನ್ನು ಬಿಡಿಸಿ ಹೇಳಲು ಆಗುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ನೆಟ್‌ನೇಕಾರ ಅವರ ಉತ್ತರ

ನಮಸ್ಕಾರ ಘಟ್ಟದಹಾದಿ ಅವರೇ. ವಿವರಗಳನ್ನು ಇಷ್ಟು ಚೆನ್ನಾಗಿ ಕೊಟ್ಟಿರುವುದರಿಂದ ಊಹೆಗೆ ಹೆಚ್ಚು ಕೆಲಸವಿಲ್ಲ. ಮೊದಲ ಎರಡು ತೊಂದರೆಗಳ ಬೇರು ಒಂದೇ, ಆದ್ದರಿಂದ ಅವನ್ನು ಒಟ್ಟಿಗೇ ನೋಡೋಣ.

ಟಿಸಿಪಿ ಸಂಪರ್ಕವೆಂದರೆ ಎರಡು ಯಂತ್ರಗಳ ನಡುವೆ ಎಳೆದ ತಂತಿಯಲ್ಲ. ಎರಡೂ ಕಡೆಯ ಕರ್ನಲ್‌ಗಳು (ಆಪರೇಟಿಂಗ್ ಸಿಸ್ಟಮಿನ ತಿರುಳು) ತಮ್ಮ ತಮ್ಮ ನೆನಪಿನಲ್ಲಿ ಇಟ್ಟುಕೊಂಡಿರುವ ಒಂದೊಂದು ದಾಖಲೆ, ಅಷ್ಟೆ. ಬಸ್ಸು ಘಾಟಿಯೊಳಗೆ ಸಿಗ್ನಲ್ ಕಳೆದುಕೊಂಡಾಗ ಅಥವಾ ಡಿಪೋದಲ್ಲಿ ಬ್ಯಾಟರಿಯ ಸ್ವಿಚ್ ತೆಗೆದಾಗ, ‘ನಾನು ಹೊರಟೆ’ ಎಂದು ಹೇಳುವ ಫಿನ್ ಪ್ಯಾಕೆಟ್ ನಿಮ್ಮ ಸರ್ವರಿಗೆ ಬರುವುದೇ ಇಲ್ಲ. ಸಿಗ್ನಲ್ ಬೇಗ ಮರಳಿದರೆ ಹಳೆಯ ಸಂಪರ್ಕವೇ ಮುಂದುವರಿಯಬಹುದು. ಮರಳುವುದು ತಡವಾದರೆ, ಅಥವಾ ಮೊಬೈಲ್ ಜಾಲವು ಉಪಕರಣಕ್ಕೆ ಬೇರೆ ವಿಳಾಸ ಕೊಟ್ಟರೆ, ಉಪಕರಣವು ಹಳೆಯದನ್ನು ಮರೆತು ಹೊಸ ಸಂಪರ್ಕ ತೆರೆಯುತ್ತದೆ. ಹಳೆಯದರ ದಾಖಲೆ ನಿಮ್ಮ ಕಡೆ ಮಾತ್ರ ಉಳಿಯುತ್ತದೆ. ಒಂದು ಬದಿ ಮಾತ್ರ ತೆರೆದಿರುವ ಇಂಥ ಸಂಪರ್ಕದ ಮೇಲೆ ನಿಮ್ಮ ಕೊರೂಟೀನ್ ರೀಡ್‌ಎಕ್ಸಾಕ್ಟ್ಲಿಯಲ್ಲಿ ಕಾಯುತ್ತಲೇ ಇರುತ್ತದೆ. 1981ರಲ್ಲಿ ಬರೆದ ಮೂಲ ಟಿಸಿಪಿ ನಿಯಮದಲ್ಲಾಗಲಿ ಅಸಿಂಕ್‌ಐಓದಲ್ಲಾಗಲಿ ‘ಇಷ್ಟು ಹೊತ್ತು ಮಾತಿಲ್ಲದಿದ್ದರೆ ಮುಚ್ಚು’ ಎಂಬ ಏರ್ಪಾಡು ತಾನಾಗಿ ಇಲ್ಲ. ಆ ತೀರ್ಮಾನ ನಿಮ್ಮದೇ ಆಗಬೇಕು, ಏಕೆಂದರೆ ಮೌನ ಎಷ್ಟು ಹೊತ್ತು ಸಹಜ, ಎಷ್ಟಾದ ಮೇಲೆ ಅಸಹಜ ಎಂಬುದು ಗೊತ್ತಿರುವುದು ನಿಮಗೆ ಮಾತ್ರ.

ಹಾಗಾದರೆ ಕೆಲವು ಹಳೆಯ ಸಂಪರ್ಕಗಳು ಕಾಲು ಗಂಟೆಗೆ ಏಕೆ ಸಾಯುತ್ತವೆ, ಉಳಿದವು ಏಕೆ ಸಾಯುವುದೇ ಇಲ್ಲ? ಉತ್ತರ ನಿಮ್ಮ ನಾಲ್ಕು ಬೈಟುಗಳ ಸ್ವೀಕೃತಿಯಲ್ಲಿದೆ. ಸಿಗ್ನಲ್ ಹೋದ ಗಳಿಗೆಯಲ್ಲಿ ಸರ್ವರು ಕಳುಹಿಸಿದ ಸ್ವೀಕೃತಿ ಇನ್ನೂ ತಲುಪದೆ ಉಳಿದಿದ್ದರೆ ಕರ್ನಲ್ ಅದನ್ನು ಮತ್ತೆ ಮತ್ತೆ ಕಳುಹಿಸಿ ನೋಡುತ್ತದೆ. ಲಿನಕ್ಸ್‌ನಲ್ಲಿ ಈ ಮರುಪ್ರಯತ್ನಗಳ ಮಿತಿ ಸಾಮಾನ್ಯವಾಗಿ 15, ಅಷ್ಟೂ ಮುಗಿಯಲು ಕನಿಷ್ಠ 924.6 ಸೆಕೆಂಡು, ಅಂದರೆ ಹದಿನೈದು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಆಮೇಲೆ ಕರ್ನಲ್ ಸಂಪರ್ಕವನ್ನು ಕೈಬಿಡುತ್ತದೆ, ನಿಮ್ಮ ಕೊರೂಟೀನಿಗೆ ದೋಷ ಬರುತ್ತದೆ, ಫೈನಲಿ ಭಾಗ ಓಡುತ್ತದೆ. ಆದರೆ ಸ್ವೀಕೃತಿ ತಲುಪಿ, ಮುಂದಿನ ಸಂದೇಶಕ್ಕೆ ಮೊದಲಿನ 30 ಸೆಕೆಂಡಿನ ಬಿಡುವಿನಲ್ಲಿ ಸಿಗ್ನಲ್ ಹೋದರೆ, ಕರ್ನಲ್ ಬಳಿ ಕಳುಹಿಸಲು ಬಾಕಿ ಏನೂ ಇರುವುದಿಲ್ಲ, ಆದ್ದರಿಂದ ಅನುಮಾನ ಪಡಲು ಕಾರಣವೂ ಇರುವುದಿಲ್ಲ. ಆ ಸಂಪರ್ಕ ಸರ್ವರ್ ನಿಲ್ಲುವವರೆಗೆ ಹಾಗೆಯೇ ಕುಳಿತಿರುತ್ತದೆ. ಎಸ್‌ಎಸ್ ಆಜ್ಞೆಗೆ ಟೈಮರ್ ತೋರಿಸುವ ಆಯ್ಕೆಯೊಂದಿದೆ. ಅದನ್ನು ಕೊಟ್ಟು ನೋಡಿ, ಸೆಂಡ್-ಕ್ಯೂ (ಇನ್ನೂ ತಲುಪಿದ್ದು ಖಚಿತವಾಗದ ಬೈಟುಗಳ ಲೆಕ್ಕ) ಸೊನ್ನೆಯಿದ್ದು ಯಾವ ಟೈಮರೂ ಓಡದಿರುವ ಸಾಲುಗಳೇ ಹೆಚ್ಚಿರುತ್ತವೆಂದು ನನ್ನ ನಿರೀಕ್ಷೆ.

ಇನ್ನು ನಿಮ್ಮ ಎರಡನೆಯ ತೊಂದರೆ. ಬಸ್ಸು ಘಾಟಿ ದಾಟಿ ಹೊಸ ಸಂಪರ್ಕದೊಂದಿಗೆ ಬಂದಾಗ ಡಿಕ್ಷನರಿಯಲ್ಲಿ ಅದೇ ಐಎಂಇಐಗೆ ಹೊಸ ಸಂಪರ್ಕವನ್ನು ಬರೆಯುತ್ತೀರಿ, ಅದು ಸರಿ. ಹದಿನೈದು ನಿಮಿಷದ ನಂತರ ಹಳೆಯ ಕೊರೂಟೀನ್ ದೋಷದಿಂದ ಎಚ್ಚೆತ್ತು ತನ್ನ ಫೈನಲಿ ಭಾಗದಲ್ಲಿ ‘ಈ ಐಎಂಇಐಯನ್ನು ತೆಗೆ’ ಎನ್ನುತ್ತದೆ. ಆದರೆ ಆ ಹೊತ್ತಿಗೆ ಅಲ್ಲಿರುವುದು ಅದರದ್ದಲ್ಲ, ಹೊಸದರದ್ದು. ಸತ್ತ ಸಂಪರ್ಕವು ಬದುಕಿರುವ ಸಂಪರ್ಕದ ಹೆಸರನ್ನು ಅಳಿಸಿ ಹೋಗುತ್ತದೆ. ಆದ್ದರಿಂದ ತೆಗೆಯುವ ಮೊದಲು ಡಿಕ್ಷನರಿಯಲ್ಲಿರುವ ವಸ್ತುವು ತಾನೇ ಹೌದೋ ಅಲ್ಲವೋ ಎಂದು ಪ್ರತಿ ಕೊರೂಟೀನೂ ನೋಡಿಕೊಳ್ಳಬೇಕು. ಅಲ್ಲವಾದರೆ ಡಿಕ್ಷನರಿಯನ್ನು ಮುಟ್ಟದೆ ತನ್ನ ಸಾಕೆಟ್ಟನ್ನು (ಸಂಪರ್ಕದ ತನ್ನ ತುದಿಯನ್ನು) ಮಾತ್ರ ಮುಚ್ಚಿ ಹೊರಡಬೇಕು. ಇದು ಒಂದೇ ಸಾಲಿನ ಪರೀಕ್ಷೆ. ಆದರೂ ಸಂಪರ್ಕಗಳ ಪಟ್ಟಿ ಇಡುವ ಸರ್ವರುಗಳಲ್ಲಿ ಇದಕ್ಕಿಂತ ಹೆಚ್ಚು ಬಾರಿ ನಾನು ಕಂಡ ತಪ್ಪು ಬೇರೊಂದಿಲ್ಲ.

ಈಗ ಪರಿಹಾರಕ್ಕೆ ಬರುತ್ತೇನೆ. ಕೊರೂಟೀನ್ ಎಲ್ಲೆಲ್ಲಿ ಹೊರಗಿನವರಿಗಾಗಿ ಕಾಯುತ್ತದೆಯೋ ಅಲ್ಲೆಲ್ಲ ಗಡುವು ಇರಬೇಕು. ಪೈಥಾನ್ 3.11ರಲ್ಲಿ ಬಂದಿರುವ ಅಸಿಂಕ್‌ಐಓ ಟೈಮ್‌ಔಟ್ ಎಂಬ ಕಾಂಟೆಕ್ಸ್ಟ್ ಮ್ಯಾನೇಜರ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಉದ್ದದ ಎರಡು ಬೈಟು ಮತ್ತು ಒಡಲು, ಎರಡೂ ಓದುಗಳನ್ನು ಒಂದೇ ಗಡುವಿನೊಳಗೆ ಇಡಿ. ಬೇರೆ ಬೇರೆ ಗಡುವು ಕೊಟ್ಟರೆ ಒಟ್ಟು ಸಂದೇಶಕ್ಕೆ ಎಷ್ಟು ಕಾಲ ಎಂಬ ಲೆಕ್ಕ ಕೈತಪ್ಪುತ್ತದೆ. ನಿಂತ ಬಸ್ಸು 5 ನಿಮಿಷಕ್ಕೊಮ್ಮೆ ಮಾತಾಡುವುದರಿಂದ ಎರಡು ಸರದಿ ತಪ್ಪುವವರೆಗೆ ತಾಳ್ಮೆ ಇಟ್ಟು, ಮೇಲೊಂದು ನಿಮಿಷ ಸೇರಿಸಿ, 11 ನಿಮಿಷ ಇಡಬಹುದು. ಓಡುವ ಬಸ್ಸಿನ 30 ಸೆಕೆಂಡನ್ನು ನೋಡಿ ಎರಡು ನಿಮಿಷದ ಗಡುವು ಇಟ್ಟುಬಿಟ್ಟರೆ ರಾತ್ರಿ ನಿಂತ ಬಸ್ಸುಗಳೆಲ್ಲ ಬಿದ್ದು ಎದ್ದು ಬೆಳಗಿನವರೆಗೆ ಸಂಪರ್ಕ ತೆರೆಯುತ್ತಲೇ ಇರುತ್ತವೆ.

ಐಎಂಇಐ ಬರುವ ಮೊದಲ ಸಂದೇಶಕ್ಕೆ ಮಾತ್ರ 30 ಸೆಕೆಂಡಿನಷ್ಟು ಬಿಗಿಯಾದ ಗಡುವು ಇರಲಿ. ಸಾರ್ವಜನಿಕ ವಿಳಾಸದಲ್ಲಿರುವ ಯಾವುದೇ ಪೋರ್ಟಿಗೆ ತೆರೆದ ಪೋರ್ಟುಗಳನ್ನು ಹುಡುಕುವ ಯಂತ್ರಗಳು ಬಂದು ಏನೂ ಮಾತಾಡದೆ ಕುಳಿತುಕೊಳ್ಳುವುದುಂಟು. ನಿಮ್ಮ ಸಾವಿರದಲ್ಲಿ ಅಂಥವೂ ಕೆಲವು ಇರಬಹುದು.

ಮಿತಿಯನ್ನು 4096ಕ್ಕೆ ಏರಿಸುವ ವಿಚಾರ: 1024ರಲ್ಲಿ ಬಸ್ಸುಗಳ 420 ಕಳೆದರೆ ಸುಮಾರು 600 ಉಳಿಯುತ್ತದೆ, ಅದು ಆರು ದಿನಕ್ಕೆ ತುಂಬುತ್ತದೆ ಎಂದರೆ ದಿನಕ್ಕೆ ಸುಮಾರು 100 ಸಂಪರ್ಕಗಳು ಸೋರುತ್ತಿವೆ. 4096 ಮಾಡಿದರೆ ಅದೇ ವೇಗದಲ್ಲಿ 36 ದಿನಕ್ಕೆ ತುಂಬುತ್ತದೆ. ಏರಿಸಿಕೊಳ್ಳಿ, ತಪ್ಪೇನಿಲ್ಲ, ಆದರೆ ಗಡುವು ಹಾಕಿದ ಮೇಲೆ ಏರಿಸಿ. ಮಿತಿ ಮುಟ್ಟಿದಾಗ ಅಸಿಂಕ್‌ಐಓ ಹೊಸ ಸಂಪರ್ಕ ಸ್ವೀಕರಿಸುವುದನ್ನು ಒಂದು ಸೆಕೆಂಡು ಬದಿಗಿಟ್ಟು ಮತ್ತೆ ಪ್ರಯತ್ನಿಸುತ್ತದೆ, ನಿಮ್ಮ ಲಾಗಿನಲ್ಲಿ ಒಂದೇ ಸಾಲು ಮರುಕಳಿಸುವುದು ಅದಕ್ಕಾಗಿ.

ಘಟ್ಟದಹಾದಿ ಅವರ ಮರುಪ್ರಶ್ನೆ

ನೆಟ್‌ನೇಕಾರ ಅವರೇ, ತುಂಬ ಉಪಕಾರವಾಯಿತು. ನೀವು ಹೇಳಿದಂತೆಯೇ ಟೈಮರ್ ಆಯ್ಕೆಯೊಂದಿಗೆ ನೋಡಿದೆ. ಹೆಚ್ಚುವರಿಯಾಗಿದ್ದ ಸಂಪರ್ಕಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟು ಉಳಿದವುಗಳೆಲ್ಲದರ ಸೆಂಡ್-ಕ್ಯೂ ಸೊನ್ನೆಯೇ ಇತ್ತು, ಟೈಮರ್ ಇರಲಿಲ್ಲ.

ಎರಡು ಸಂದೇಹಗಳಿವೆ. ಕೀಪ್‌ಅಲೈವ್ ಎಂಬ ಸಾಕೆಟ್ ಆಯ್ಕೆ ಇದೇ ಕೆಲಸಕ್ಕಲ್ಲವೇ ಇರುವುದು, ಅದನ್ನು ಹಾಕಿದರೆ ನನ್ನ ಕೋಡಿನಲ್ಲಿ ಗಡುವಿನ ಅಗತ್ಯವೇ ಬೀಳುವುದಿಲ್ಲವಲ್ಲವೇ? ಇನ್ನೊಂದು, ಹೊಸ ಸಂಪರ್ಕ ಬಂದಾಗ ಅದೇ ಐಎಂಇಐಯ ಹಳೆಯ ಸಂಪರ್ಕಕ್ಕಾಗಿ 11 ನಿಮಿಷ ಕಾಯುವುದೇಕೆ, ಕೂಡಲೇ ಮುಚ್ಚಬಹುದಲ್ಲವೇ ಎಂದು ಯೋಚಿಸಿ ಹಾಗೆ ಮಾಡಿ ನೋಡಿದೆ. ಕ್ಲೋಸ್ ಕರೆದು ವೇಟ್ ಕ್ಲೋಸ್ಡ್ ಎಂದು ಕಾದರೆ ಕೆಲವೊಮ್ಮೆ ಹೊಸ ಬಸ್ಸಿನ ಕೊರೂಟೀನೇ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ.

ಎಳೆಗಾರ ಅವರ ಉತ್ತರ

ಮೇಲಿನ ವಿಶ್ಲೇಷಣೆಯನ್ನು ಒಪ್ಪುತ್ತೇನೆ, ಆದರೆ ಒಂದು ಮೂಲಭೂತ ಪ್ರಶ್ನೆಯನ್ನು ಎತ್ತಬೇಕೆನಿಸುತ್ತದೆ. 420 ಸಂಪರ್ಕಗಳಿಗೆ ಅಸಿಂಕ್‌ಐಓ ಬೇಕಿತ್ತೇ? ಪ್ರೋಗ್ರಾಮರ್ ಡ್ಯಾನ್ ಕೆಗೆಲ್ ಅವರು 1999ರಲ್ಲಿ ಒಂದು ಸರ್ವರು ಹತ್ತು ಸಾವಿರ ಗ್ರಾಹಕರನ್ನು ಏಕಕಾಲಕ್ಕೆ ಹೇಗೆ ನಿಭಾಯಿಸಬೇಕೆಂಬ ಪ್ರಶ್ನೆಯನ್ನು ಮುಂದಿಟ್ಟಾಗ, ಒಂದು ಸಂಪರ್ಕಕ್ಕೆ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಎಳೆ) ಎಂಬ ಕ್ರಮ ಆ ಕಾಲದ ಯಂತ್ರಗಳಿಗೆ ನಿಜವಾಗಿಯೂ ಭಾರವಾಗಿತ್ತು. ಆ ಹೊರೆ ಇಳಿಸಲೆಂದೇ, ಹಲವು ಸಂಪರ್ಕಗಳಲ್ಲಿ ಯಾವುದು ಸಿದ್ಧವಾಗಿದೆಯೆಂದು ಹೇಳುವ ಏರ್ಪಾಡುಗಳಾಗಿ ಫ್ರೀಬಿಎಸ್‌ಡಿಯಲ್ಲಿ ಕೆಕ್ಯೂ, ಲಿನಕ್ಸ್‌ನಲ್ಲಿ ಈಪೋಲ್ ಹುಟ್ಟಿದವು, ಅಸಿಂಕ್‌ಐಓ ನಿಂತಿರುವುದೂ ಅವುಗಳ ಮೇಲೆಯೇ. ಆದರೆ ಇಂದಿನ ಯಂತ್ರದಲ್ಲಿ 420 ಥ್ರೆಡ್ಡುಗಳು ದೊಡ್ಡ ಸಂಖ್ಯೆಯಲ್ಲ. ಲಿನಕ್ಸ್‌ನಲ್ಲಿ ಒಂದು ಥ್ರೆಡ್ಡಿಗೆ ಸಾಮಾನ್ಯವಾಗಿ 8 ಮೆಗಾಬೈಟ್ ಸ್ಟ್ಯಾಕ್ ಎಂದಿದ್ದರೂ ಅದು ವಿಳಾಸಗಳ ಲೆಕ್ಕ ಮಾತ್ರ, ನಿಜವಾಗಿ ಮುಟ್ಟಿದ ಪುಟಗಳಷ್ಟೇ ಮೆಮೊರಿ ಹಿಡಿಯುತ್ತವೆ. ಕೋಡು ಮೇಲಿನಿಂದ ಕೆಳಗೆ ಸರಳವಾಗಿ ಓದಿಸಿಕೊಳ್ಳುತ್ತದೆ, ಡೇಟಾಬೇಸಿನ ಕರೆ ಎಲ್ಲರನ್ನೂ ತಡೆಯುತ್ತದೆಂಬ ಭಯವಿರುವುದಿಲ್ಲ.

ಆದರೆ ಥ್ರೆಡ್ಡಿಗೆ ಹೋದರೂ ಗಡುವಿನ ಚಿಂತೆ ತಪ್ಪುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಪೈಥಾನಿನ ಸಾಕೆಟ್‌ಗೆ ಕೊಡುವ ಸೆಟ್‌ಟೈಮ್‌ಔಟ್ ಒಂದೊಂದು ರಿಸೀವ್ ಕರೆಗೆ ಬೇರೆ ಬೇರೆಯಾಗಿ ಅನ್ವಯಿಸುತ್ತದೆ, ಇಡೀ ಸಂದೇಶಕ್ಕಲ್ಲ. ಒಂದೊಂದೇ ಬೈಟು ತೊಟ್ಟಿಕ್ಕಿಸುವ ಕೆಟ್ಟ ಉಪಕರಣವೊಂದು ಅದನ್ನು ಸದಾ ತಪ್ಪಿಸಿಕೊಂಡಿರಬಲ್ಲದು. ಈ ಒಂದು ವಿಷಯದಲ್ಲಿ ಅಸಿಂಕ್‌ಐಓದ ಟೈಮ್‌ಔಟ್ ಹೆಚ್ಚು ಅಚ್ಚುಕಟ್ಟು.

ನೆಟ್‌ನೇಕಾರ ಅವರ ಉತ್ತರ

ಎಳೆಗಾರ ಅವರ ಮಾತು ನ್ಯಾಯವಾದದ್ದು. ಇದೇ ಸರ್ವರನ್ನು ಹೊಸದಾಗಿ ಬರೆಯುವುದಾದರೆ ನಾನೂ ಎರಡು ಬಾರಿ ಯೋಚಿಸುತ್ತಿದ್ದೆ. ಆದರೆ ಬರೆದದ್ದು ಇದೆ, ದೋಷವಿರುವುದು ಎರಡು ಮೂರು ಕಡೆ ಮಾತ್ರ, ಆದ್ದರಿಂದ ಇರುವುದನ್ನೇ ಸರಿಪಡಿಸೋಣ.

ಕೀಪ್‌ಅಲೈವ್ ಬಗ್ಗೆ: ಅದು ತಾನಾಗಿ ಚಾಲ್ತಿಯಲ್ಲಿರುವುದಿಲ್ಲ. ಚಾಲ್ತಿಗೊಳಿಸಿದರೂ ಲಿನಕ್ಸ್‌ನ ಮೂಲ ಲೆಕ್ಕದಂತೆ 7200 ಸೆಕೆಂಡು ಸುಮ್ಮನಿದ್ದು, ಆಮೇಲೆ 75 ಸೆಕೆಂಡಿಗೊಮ್ಮೆ 9 ಬಾರಿ ತಟ್ಟಿ ನೋಡಿ ಕೈಬಿಡುತ್ತದೆ, ಒಟ್ಟು ಎರಡು ಗಂಟೆ 11 ನಿಮಿಷ. ಈ ಅಂಕಿಗಳನ್ನು ಪ್ರತಿ ಸಾಕೆಟ್ಟಿಗೂ ಬೇರೆಯಾಗಿ ಇಳಿಸಬಹುದು. ಇಳಿಸಿದರೂ ಮೂರು ಕೊರತೆಗಳು ಉಳಿಯುತ್ತವೆ. ತಟ್ಟಿದಾಗ ಓ ಎನ್ನುವುದು ಉಪಕರಣದ ಟಿಸಿಪಿ ಪದರ ಮಾತ್ರ, ಅದರ ಮೇಲಿನ ಪ್ರೋಗ್ರಾಮು ಸಿಕ್ಕಿಹಾಕಿಕೊಂಡು ಜಿಪಿಎಸ್ ಓದುವುದನ್ನೇ ನಿಲ್ಲಿಸಿದ್ದರೂ ಕೀಪ್‌ಅಲೈವ್‌ಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮುಂದೊಂದು ದಿನ ಸರ್ವರಿನ ಎದುರು ಲೋಡ್ ಬ್ಯಾಲೆನ್ಸರ್ (ಸಂಪರ್ಕಗಳನ್ನು ಹಲವು ಸರ್ವರುಗಳಿಗೆ ಹಂಚುವ ಯಂತ್ರ) ಇಟ್ಟು, ಅದು ಬಸ್ಸಿನ ಟಿಸಿಪಿ ಸಂಪರ್ಕವನ್ನು ತನ್ನಲ್ಲೇ ಕೊನೆಗೊಳಿಸಿ ನಿಮ್ಮೊಂದಿಗೆ ಬೇರೆಯದನ್ನು ತೆರೆಯುವ ಬಗೆಯದಾದರೆ, ನಿಮಗೆ ಉತ್ತರ ಕೊಡುವುದು ಅದೇ ಹೊರತು ಬಸ್ಸಲ್ಲ. ಕೊನೆಯದಾಗಿ, ತಲುಪದ ಮಾಹಿತಿ ಬಾಕಿಯಿರುವಾಗ ಕೀಪ್‌ಅಲೈವ್ ತಟ್ಟುವುದೇ ಇಲ್ಲ, ಆಗ ನಡೆಯುವುದು ಮರುಕಳುಹಿಕೆಯ ಲೆಕ್ಕ, ಮತ್ತೆ ಅದೇ 15 ನಿಮಿಷ. ಆ ಅವಧಿಯನ್ನು ಕಡಿಮೆ ಮಾಡಲು ಲಿನಕ್ಸ್‌ನಲ್ಲಿ ಟಿಸಿಪಿ ಯೂಸರ್ ಟೈಮ್‌ಔಟ್ ಎಂಬ ಬೇರೆಯೇ ಆಯ್ಕೆಯಿದ್ದು, ಅದನ್ನು ಮಿಲಿಸೆಕೆಂಡಿನಲ್ಲಿ ಕೊಡಬೇಕು. ನಾನು ಯೂಸರ್ ಟೈಮ್‌ಔಟನ್ನು ಎರಡು ನಿಮಿಷಕ್ಕೆ ಇಡುತ್ತೇನೆ, ಕೀಪ್‌ಅಲೈವನ್ನು ಹಾಕುವುದಿಲ್ಲ. ನಿಮ್ಮ ಉಪಕರಣವೇ 5 ನಿಮಿಷಕ್ಕೊಮ್ಮೆ ಮಾತಾಡುತ್ತಿರುವಾಗ ಅದರ ಸಿಮ್ಮಿನ ಡೇಟಾವನ್ನು ಮತ್ತಷ್ಟು ಖರ್ಚು ಮಾಡಿಸುವ ಅಗತ್ಯವಿಲ್ಲ.

ವೇಟ್ ಕ್ಲೋಸ್ಡ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಏಕೆಂದರೆ ಕ್ಲೋಸ್ ಎಂಬುದು ಸೌಜನ್ಯದ ಮುಚ್ಚುವಿಕೆ. ಟ್ರಾನ್ಸ್‌ಪೋರ್ಟಿನ (ಅಸಿಂಕ್‌ಐಓದಲ್ಲಿ ಸಾಕೆಟ್ಟನ್ನು ನಡೆಸುವ ವಸ್ತುವಿನ) ಬಫರಿನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಬರೆಯಲು ಬಾಕಿ ಇರುವುದೆಲ್ಲ ಕರ್ನಲ್‌ಗೆ ಸೇರಿದ ಮೇಲೆಯೇ ಅದು ಸಾಕೆಟ್ಟನ್ನು ಬಿಡುತ್ತದೆ. ಎದುರಿನವರು ಸತ್ತಿದ್ದು ಕರ್ನಲ್‌ನ ಬಫರೂ ತುಂಬಿದ್ದರೆ ಕರ್ನಲ್ ಸಂಪರ್ಕವನ್ನು ಕೈಬಿಡುವವರೆಗೆ ಆ ಬಾಕಿ ಕರಗುವುದಿಲ್ಲ. ನೀವು ದೊಡ್ಡ ಸಂರಚನಾ ಕಡತಗಳನ್ನು ಕಳುಹಿಸುತ್ತಿದ್ದರೆ ಅಂಥ ಬಸ್ಸುಗಳಲ್ಲೇ ಹೀಗಾಗುತ್ತಿರಬೇಕು. ಹಳೆಯ ಸಂಪರ್ಕವನ್ನು ಬದಲಿಸುವಾಗ ಸೌಜನ್ಯಕ್ಕೆ ಅರ್ಥವಿಲ್ಲ, ಟ್ರಾನ್ಸ್‌ಪೋರ್ಟಿನ ಅಬಾರ್ಟ್ ಕರೆಯಿರಿ. ಬಾಕಿಯನ್ನು ಎಸೆದು ಕೂಡಲೇ ಮುಚ್ಚುತ್ತದೆ. ಹಳೆಯ ಕೊರೂಟೀನ್ ‘ಓದು ಅಪೂರ್ಣ’ ಎಂಬ ದೋಷದೊಂದಿಗೆ ಎಚ್ಚೆತ್ತು, ಡಿಕ್ಷನರಿಯಲ್ಲಿರುವುದು ತಾನಲ್ಲವೆಂದು ಕಂಡುಕೊಂಡು, ಹೊರಟುಹೋಗುತ್ತದೆ. ಮುಚ್ಚುವ ಕೆಲಸ ಅದರದ್ದು, ಹೊಸ ಕೊರೂಟೀನ್ ಅದಕ್ಕಾಗಿ ಕಾಯಬೇಕಾಗಿಲ್ಲ. ಒಂದು ಎಚ್ಚರಿಕೆ: ಐಎಂಇಐ ನಿಮ್ಮ ದಾಖಲೆಯಲ್ಲಿ ಇದೆಯೆಂದು ಖಚಿತವಾದ ಮೇಲೆಯೇ ಹಳೆಯದನ್ನು ಕೆಡವಿ. ಇದರಿಂದಲೂ ಪೂರ್ಣ ರಕ್ಷಣೆ ದೊರೆಯುವುದಿಲ್ಲ. ಐಎಂಇಐ ಗುಟ್ಟಿನ ಸಂಖ್ಯೆಯಲ್ಲದ್ದರಿಂದ, ಉಪಕರಣವು ಬೇರೆ ಗುರುತಿನ ಕೀಲಿಯನ್ನು ಕಳುಹಿಸಬಲ್ಲದಾದರೆ ಅದನ್ನೂ ಕೇಳುವುದು ಒಳ್ಳೆಯದು.

ನಿಮ್ಮ ಮೂರನೆಯ ತೊಂದರೆಗೂ ಇಲ್ಲೇ ಉತ್ತರವಿದೆ. ಡ್ರೇನ್ ಮುಗಿಯಿತೆಂದರೆ ಆಜ್ಞೆ ತಲುಪಿತೆಂದು ಅರ್ಥವಲ್ಲ. ಬಫರಿನಲ್ಲಿರುವುದು ಮೇಲಿನ ಮಿತಿಯಾದ 64 ಕಿಲೋಬೈಟನ್ನು ಮೀರಿದ್ದರೆ ಮಾತ್ರ ಡ್ರೇನ್ ಕಾಯುತ್ತದೆ, ಅದು 16 ಕಿಲೋಬೈಟಿಗೆ ಇಳಿದ ಮೇಲೆ ಬಿಡುತ್ತದೆ. ನಲವತ್ತು ಬೈಟಿನ ಆಜ್ಞೆಗೆ ಅದು ಕಾಯುವುದೇ ಇಲ್ಲ. ಬರೆದದ್ದು ಟ್ರಾನ್ಸ್‌ಪೋರ್ಟಿನ ಬಫರು, ಕರ್ನಲ್‌ನ ಬಫರು, ಮೊಬೈಲ್ ಜಾಲ ಈ ಮೂರನ್ನೂ ದಾಟಬೇಕು. ಸ್ಥಳದ ಸಂದೇಶಕ್ಕೆ ನೀವು ಸ್ವೀಕೃತಿ ಕೊಡುವಂತೆಯೇ ಆಜ್ಞೆಗೆ ಉಪಕರಣವೂ ಉತ್ತರ ಕೊಡಬೇಕು. ಆಜ್ಞೆಗೊಂದು ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆಗೆ ಒಂದು ಫ್ಯೂಚರ್ (ಮುಂದೆ ಬರಲಿರುವ ಉತ್ತರಕ್ಕಾಗಿ ಕಾಯ್ದಿರಿಸಿದ ವಸ್ತು) ಇಟ್ಟು, ಉತ್ತರ ಓದಿದ ಕೊರೂಟೀನ್ ಅದನ್ನು ಪೂರೈಸುವಂತೆ ಮಾಡಿ. ಕಳುಹಿಸಿದವರು ಆ ಫ್ಯೂಚರಿಗಾಗಿ ಕಾಯಲಿ, ಖಂಡಿತವಾಗಿ ಗಡುವಿನೊಂದಿಗೆ. ಸಂಪರ್ಕ ಮುಗಿಯುವಾಗ ಬಾಕಿಯಿರುವ ಫ್ಯೂಚರುಗಳಿಗೆಲ್ಲ ದೋಷ ಕೊಟ್ಟು ಹೋಗುವುದನ್ನು ಮರೆಯಬೇಡಿ.

ಪೈಥಾನ್ 3.11ರ ಒಂದು ಸಣ್ಣ ಸಂಗತಿ: ಅಲ್ಲಿ ಅಸಿಂಕ್‌ಐಓದ ಟೈಮ್‌ಔಟ್ ಎರರ್ ಮತ್ತು ಭಾಷೆಯ ಮೂಲ ಟೈಮ್‌ಔಟ್ ಎರರ್ ಎರಡೂ ಒಂದೇ ಆಗಿವೆ. ಕರ್ನಲ್ ಕೈಬಿಟ್ಟಾಗ ಬರುವ ದೋಷವೂ ಅದೇ. ಲಾಗಿನಲ್ಲಿ ‘ನನ್ನ ಗಡುವು ಮುಗಿಯಿತು’ ಮತ್ತು ‘ಕರ್ನಲ್ ಕೈಬಿಟ್ಟಿತು’ ಎಂಬುವು ಬೇರೆಯಾಗಿ ಕಾಣಬೇಕೆಂದಿದ್ದರೆ ಗಡುವಿನ ವಸ್ತುವಿನ ಎಕ್ಸ್‌ಪೈರ್ಡ್ ಕರೆಯನ್ನು ಕೇಳಿ ನೋಡಿ.

ದತ್ತಕೋಶ ಅವರ ಉತ್ತರ

ಯಾರೂ ಮುಟ್ಟದ ಒಂದು ವಿಷಯವನ್ನು ಸೇರಿಸುತ್ತೇನೆ. ಪ್ರಶ್ನೆಯಲ್ಲಿ ‘ಓದಿ, ಡೇಟಾಬೇಸಿಗೆ ಬರೆದು’ ಎಂದಿದ್ದೀರಿ. ಆ ಬರೆಯುವ ಕರೆ ಸಾಮಾನ್ಯ, ಕಾಯಿಸುವ ಬಗೆಯದಾಗಿದ್ದರೆ ಅದು ಮುಗಿಯುವವರೆಗೆ, ಕೊರೂಟೀನುಗಳನ್ನು ಸರದಿಯಂತೆ ಓಡಿಸುವ ಈವೆಂಟ್ ಲೂಪ್ ನಿಂತಿರುತ್ತದೆ, ಉಳಿದ 419 ಬಸ್ಸುಗಳ ಮಾತು ಕೇಳುವವರು ಯಾರೂ ಇರುವುದಿಲ್ಲ. 420 ಬಸ್ಸುಗಳೂ ಓಡುತ್ತಿರುವಾಗ 30 ಸೆಕೆಂಡಿಗೊಂದರಂತೆ ಸೆಕೆಂಡಿಗೆ 14 ಸಂದೇಶಗಳು ಬರುತ್ತವೆ. ಒಂದು ಬರಹಕ್ಕೆ 20 ಮಿಲಿಸೆಕೆಂಡು ಹಿಡಿದರೆ ಪ್ರತಿ ಸೆಕೆಂಡಿನಲ್ಲೂ 280 ಮಿಲಿಸೆಕೆಂಡು ಲೂಪ್ ಕಿವುಡಾಗಿರುತ್ತದೆ, ಅದು ಹೇಗೋ ನಡೆಯುತ್ತದೆ. ಡೇಟಾಬೇಸು ನಿಧಾನವಾಗಿ ಅದು 71 ಮಿಲಿಸೆಕೆಂಡು ದಾಟಿದ ಕ್ಷಣದಿಂದ ಬರುವ ಸಂದೇಶಗಳು ಮುಗಿಯುವ ಸಂದೇಶಗಳಿಗಿಂತ ಹೆಚ್ಚಾಗಿ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಅಸಿಂಕ್‌ಐಓದ ಡಿಬಗ್ ಸ್ಥಿತಿಯನ್ನು ಒಂದು ದಿನ ಚಾಲ್ತಿಯಲ್ಲಿಡಿ. 100 ಮಿಲಿಸೆಕೆಂಡಿಗಿಂತ ಹೆಚ್ಚು ಲೂಪನ್ನು ಹಿಡಿದಿಟ್ಟ ಕರೆಗಳನ್ನು ಅದು ಲಾಗಿನಲ್ಲಿ ಹೇಳುತ್ತದೆ.

ಪರಿಹಾರವಾಗಿ ಸಂಪರ್ಕದ ಕೊರೂಟೀನುಗಳು ಡೇಟಾಬೇಸನ್ನು ಮುಟ್ಟದಿರಲಿ. ಅವು ಸಂದೇಶವನ್ನು ಒಂದು ಕ್ಯೂಗೆ ಹಾಕಲಿ, ಒಂದೇ ಒಂದು ಬರಹಗಾರ ಕೊರೂಟೀನ್ ನೂರಾರು ಸಂದೇಶಗಳನ್ನು ಒಟ್ಟುಗೂಡಿಸಿ ಬೇರೆ ಥ್ರೆಡ್ಡಿನಲ್ಲಿ ಒಂದೇ ಸಲಕ್ಕೆ ಬರೆಯಲಿ. ಪೈಥಾನ್ 3.9ರಿಂದ ಇರುವ ಟು ಥ್ರೆಡ್ ಕರೆ ಇದಕ್ಕೆ ಸಾಕು. ಕ್ಯೂಗೆ ಗಾತ್ರದ ಮಿತಿ ಕಡ್ಡಾಯವಾಗಿ ಇರಲಿ. 5000 ಇಟ್ಟರೆ ಡೇಟಾಬೇಸು ಪೂರ್ತಿ ನಿಂತರೂ ಸುಮಾರು ಆರು ನಿಮಿಷ ತಾಳುತ್ತದೆ. ಅದೂ ತುಂಬಿದರೆ ಕೊರೂಟೀನುಗಳು ಕ್ಯೂ ಮುಂದೆ ಕಾಯುತ್ತವೆ, ಓದುವುದು ನಿಲ್ಲುತ್ತದೆ, ಸ್ವೀಕೃತಿ ಹೋಗುವುದಿಲ್ಲ. ಸ್ವೀಕೃತಿ ಸಿಗದ ಸಂದೇಶವನ್ನು ಉಪಕರಣ ತನ್ನ ಸಂಗ್ರಹದಲ್ಲಿ ಉಳಿಸಿಕೊಳ್ಳುವ ಬಗೆಯದಾಗಿದ್ದರೆ ಒಂದು ಸಂದೇಶವೂ ಕಳೆದುಹೋಗುವುದಿಲ್ಲ. ಮಿತಿಯಿಲ್ಲದ ಕ್ಯೂ ಇಟ್ಟರೆ ಮೆಮೊರಿ ಮುಗಿದು ಸರ್ವರು ಬೀಳುತ್ತದೆ, ಅದರೊಂದಿಗೆ ಸ್ವೀಕೃತಿ ಕೊಟ್ಟಿದ್ದ ಸಂದೇಶಗಳೂ ಹೋಗುತ್ತವೆ. ಇದೇ ಕಾರಣಕ್ಕೆ, ಒಂದು ಸಂದೇಶವೂ ತಪ್ಪಬಾರದು ಎನ್ನುವುದಾದರೆ ಸ್ವೀಕೃತಿಯನ್ನು ಕ್ಯೂಗೆ ಹಾಕಿದ ಕೂಡಲೇ ಕೊಡದೆ ಬರಹಗಾರನು ಬರೆದಾದ ಮೇಲೆ ಕೊಡಬೇಕು.

ಇಲ್ಲಿ ನೆಟ್‌ನೇಕಾರ ಅವರ ಸಲಹೆಗೆ ಒಂದು ಗೆರೆ ಎಳೆಯಬೇಕು. 11 ನಿಮಿಷದ ಗಡುವಿನೊಳಗೆ ಓದುವುದು ಮಾತ್ರ ಇರಬೇಕು, ಕ್ಯೂಗೆ ಹಾಕುವುದು ಇರಬಾರದು. ಎರಡನ್ನೂ ಒಂದೇ ಗಡುವಿನಲ್ಲಿ ಸುತ್ತಿದರೆ ಡೇಟಾಬೇಸು ನಿಂತ ದಿನ ತಪ್ಪು ನಮ್ಮದಾಗಿದ್ದೂ ಆರೋಗ್ಯವಾಗಿರುವ 420 ಸಂಪರ್ಕಗಳನ್ನು ನಾವೇ ಕೆಡವುತ್ತೇವೆ, ಅವೆಲ್ಲ ಒಟ್ಟಿಗೆ ಮರಳಿ ಬಂದು ತೊಂದರೆಯನ್ನು ಇಮ್ಮಡಿ ಮಾಡುತ್ತವೆ.

ಘಟ್ಟದಹಾದಿ ಅವರ ವರದಿ

ಎಲ್ಲರಿಗೂ ಕೃತಜ್ಞತೆಗಳು. ಸಲಹೆಗಳನ್ನು ಒಂದೊಂದಾಗಿ ಅಳವಡಿಸಿ ಇಂದಿಗೆ ಹದಿಮೂರು ದಿನಗಳಾದವು, ಸರ್ವರನ್ನು ಒಮ್ಮೆಯೂ ನಿಲ್ಲಿಸಿಲ್ಲ. ತೆರೆದ ಸಂಪರ್ಕಗಳು ಹಗಲಿನಲ್ಲಿ 440ರ ಆಸುಪಾಸಿನಲ್ಲಿರುತ್ತವೆ. 420ರ ಮೇಲಿರುವ ಆ ಇಪ್ಪತ್ತು ಗಡುವಿಗೆ ಕಾಯುತ್ತಿರುವವು ಎಂದು ಲಾಗ್ ನೋಡಿ ಖಚಿತಪಡಿಸಿಕೊಂಡೆ. ಡಿಕ್ಷನರಿಯಿಂದ ಬಸ್ಸು ಕಾಣೆಯಾಗುವುದು ಪೂರ್ತಿ ನಿಂತಿದೆ. ಡಿಬಗ್ ಸ್ಥಿತಿಯಲ್ಲಿ ನೋಡಿದಾಗ ಡೇಟಾಬೇಸಿನ ಕರೆ ಬೆಳಗಿನ ಹೊತ್ತು 100 ಮಿಲಿಸೆಕೆಂಡನ್ನು ಹಲವು ಬಾರಿ ದಾಟುತ್ತಿತ್ತು, ದತ್ತಕೋಶ ಅವರು ಹೇಳಿದ ಕ್ಯೂ ಹಾಕಿದ ಮೇಲೆ ಆ ಸಾಲುಗಳೂ ಇಲ್ಲ. ಆಜ್ಞೆಗಳಿಗೆ ಕ್ರಮಸಂಖ್ಯೆ ಕೊಡುವ ಕೆಲಸ ನಡೆಯುತ್ತಿದೆ, ಉಪಕರಣದ ಫರ್ಮ್‌ವೇರ್ ಬದಲಾಗಬೇಕಾದ್ದರಿಂದ ತಡವಾಗುತ್ತದೆ.

ಒಂದು ವಿಷಯ ಉಳಿದಿದೆ. ಹೊಸ ಆವೃತ್ತಿ ಹಾಕಲು ಸರ್ವರನ್ನು ನಿಲ್ಲಿಸುವಾಗ ಸರ್ವರ್ ವಸ್ತುವಿನ ಕ್ಲೋಸ್ ಕರೆದರೆ ಇರುವ ಸಂಪರ್ಕಗಳು ಹಾಗೆಯೇ ಉಳಿಯುತ್ತಿವೆ. ಅದು ಸಹಜವೇ?

ನೆಟ್‌ನೇಕಾರ ಅವರ ಉತ್ತರ

ಸಹಜವೇ. ಸರ್ವರಿನ ಕ್ಲೋಸ್ ಎಂದರೆ ಹೊಸಬರಿಗೆ ಬಾಗಿಲು ಹಾಕುವುದು ಮಾತ್ರ, ಒಳಗಿರುವವರನ್ನು ಕಳುಹಿಸುವುದು ನಿಮ್ಮ ಕೆಲಸ. ಪೈಥಾನ್ 3.13ರಲ್ಲಿ ಅದಕ್ಕೆಂದೇ ಕ್ಲೋಸ್ ಕ್ಲೈಂಟ್ಸ್ ಮತ್ತು ಅಬಾರ್ಟ್ ಕ್ಲೈಂಟ್ಸ್ ಎಂಬ ಎರಡು ಕರೆಗಳು ಬಂದಿವೆ. 3.11ರಲ್ಲಿ ಅವಿಲ್ಲ, ಆದ್ದರಿಂದ ಚಾಲ್ತಿಯಲ್ಲಿರುವ ಸಂಪರ್ಕ ಕೊರೂಟೀನುಗಳ ಟಾಸ್ಕ್‌ಗಳನ್ನು ನೀವೇ ಒಂದು ಸೆಟ್‌ನಲ್ಲಿ ಇಟ್ಟುಕೊಳ್ಳಿ. ನಿಲ್ಲಿಸುವಾಗ ಮೊದಲು ಬಾಗಿಲು ಹಾಕಿ, ನಂತರ ಆ ಟಾಸ್ಕ್‌ಗಳನ್ನು ರದ್ದುಗೊಳಿಸಿ ಅವು ಮುಗಿಯುವವರೆಗೆ ಕಾಯಿರಿ, ಆಮೇಲೆ ಕ್ಯೂನಲ್ಲಿ ಉಳಿದದ್ದನ್ನು ಬರಹಗಾರ ಬರೆದು ಮುಗಿಸಲಿ, ಕೊನೆಗೆ ಲೂಪ್ ನಿಲ್ಲಲಿ. ಈ ಕ್ರಮ ಹಿಂದುಮುಂದಾದರೆ ಕ್ಯೂನಲ್ಲಿದ್ದದ್ದು ಹೋಗುತ್ತದೆ. ಕೊರೂಟೀನಿನಲ್ಲಿ ಎಲ್ಲ ದೋಷಗಳನ್ನೂ ಹಿಡಿದು ನುಂಗುವ ಬರಿಯ ಎಕ್ಸೆಪ್ಟ್ ಇದ್ದರೆ ತೆಗೆದುಬಿಡಿ, ಅದು ರದ್ದತಿಯನ್ನೂ ನುಂಗುತ್ತದೆ, ಕೊರೂಟೀನ್ ನಿಲ್ಲುವುದೇ ಇಲ್ಲ.

ಮರಳಿ ಶುರುವಾದಾಗ 420 ಉಪಕರಣಗಳೂ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಸ್ಟಾರ್ಟ್ ಸರ್ವರ್‌ನ ಬ್ಯಾಕ್‌ಲಾಗ್ (ಸ್ವೀಕಾರಕ್ಕಾಗಿ ಸಾಲಿನಲ್ಲಿ ಕಾಯಬಹುದಾದ ಹೊಸ ಸಂಪರ್ಕಗಳ ಮಿತಿ) ತಾನಾಗಿ 100 ಇರುತ್ತದೆ, ಅದನ್ನು 512 ಮಾಡಿಕೊಳ್ಳಿ. ಫರ್ಮ್‌ವೇರ್ ಬದಲಿಸುವ ಅವಕಾಶ ಹೇಗೂ ಬಂದಿದೆಯಲ್ಲ, ಸಂಪರ್ಕ ತಪ್ಪಿದ ಮೇಲೆ ಪ್ರತಿ ಉಪಕರಣವೂ 1ರಿಂದ 30 ಸೆಕೆಂಡಿನೊಳಗೆ ತನಗೆ ತೋಚಿದಷ್ಟು ಹೊತ್ತು ಕಾದು ಮರಳಿ ಬರುವಂತೆ ಅದರಲ್ಲೇ ಬರೆಸಿಬಿಡಿ.